ಕಲಬುರಗಿಯ ಓಡಾಟಕ್ಕೆ ಸ್ಟ್ರಾಂಗ್ ಹೈಬ್ರಿಡ್ಡಾ, ಮೈಲ್ಡಾ?

ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಇರುವ ಕಾರು; ಸ್ಟ್ರಾಂಗ್ ಬರೀ ಬ್ಯಾಟರಿಯಲ್ಲೂ ಓಡಬಲ್ಲದು, ಮೈಲ್ಡ್ ಓಡದು. ಯಾವುದು ಬೇಕೆನ್ನಲು ನಿಮ್ಮ ಓಡಾಟ ಎಲ್ಲಿ ಜಾಸ್ತಿ, ಮೊದಲು ಅದನ್ನು ನೋಡಿ. ಎರಡೂ ಬಗೆಯಲ್ಲಿ ಸಿಗುವ ಮಾರುತಿ ಸುಜುಕಿ ಗ್ರಾಂಡ್ ವಿಟಾರಾ ಕಾರು 2022ರಲ್ಲಿ ಬಂದಾಗ ಕಂಪನಿ ಹೇಳಿದ ಮೈಲೇಜ್ ಸ್ಟ್ರಾಂಗ್‌ಗೆ ಲೀಟರಿಗೆ 27.97 ಕಿ.ಮೀ., ಮ್ಯಾನುಯಲ್ ಮೈಲ್ಡ್‌ಗೆ 21.11. ರಸ್ತೆಯಲ್ಲಿ ಎರಡೂ ಕಡಿಮೆಯೇ ಕೊಡುತ್ತವೆ.

ಸೂಪರ್ ಮಾರ್ಕೆಟ್ ಹತ್ತಿರ ಆಟೋ ಹಿಂದೆ ತೆವಳುವಾಗ ಸ್ಟ್ರಾಂಗ್ ಬಹುಪಾಲು ಬ್ಯಾಟರಿಯಲ್ಲೇ ಸಾಗುತ್ತದೆ. ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತಿದರೆ ಚಾರ್ಜ್ ವಾಪಸ್ ಬರುತ್ತದೆ. ನಮ್ಮ ಮೇ ಬಿಸಿಲಲ್ಲಿ ಇನ್ನೊಂದು ಲಾಭ: ಎಂಜಿನ್ ನಿಂತರೂ ಎಸಿ ತಂಪು ಕೊಡುತ್ತದೆ. ಮೈಲ್ಡ್‌ನ ಮೋಟರ್ ಎಂಜಿನ್‌ಗೆ ಕೈಜೋಡಿಸುತ್ತದೆ, ಒಂಟಿಯಾಗಿ ಕಾರು ಎಳೆಯುವುದಿಲ್ಲ.

ಬೀದರ್ ಹೈವೇಯಲ್ಲಿ ಮೈಲೇಜಿನ ಈ ಅಂತರ ಕುಗ್ಗುತ್ತದೆ. ಮೈಲ್ಡ್‌ಗೆ ಬೆಲೆ ಕಡಿಮೆ, ಸಾಮಾನಿಡುವ ಡಿಕ್ಕಿಯೂ ದೊಡ್ಡದು. ಊರಿಂದ ತೊಗರಿ ಚೀಲ ತರುವವರಿಗೆ ಅದು ಸಣ್ಣ ಮಾತಲ್ಲ, ಅಲ್ವಾ? ದಿನವೂ ಊರೊಳಗೆ ತಿರುಗುವವರು ಸ್ಟ್ರಾಂಗ್ ತಗೊಳ್ಳಿ. ವಾರಕ್ಕೊಮ್ಮೆ ಹೊರಡುವವರಿಗೆ ಮೈಲ್ಡ್ ಸಾಕು.