ಸೆಲ್ಲಾರ್ ಟಾಯ್ಲೆಟ್: ಇಳಿಜಾರೋ, ಪಂಪೋ?

ದಾವಣಗೆರೆಯಲ್ಲಿ ಸೆಲ್ಲಾರ್‌ಗೆ ಟಾಯ್ಲೆಟ್ ಕೂರಿಸುವವರು ಮೊದಲು ರಸ್ತೆಯ ಯುಜಿಡಿ (ಒಳಚರಂಡಿ) ಪೈಪು ಎಷ್ಟು ಆಳದಲ್ಲಿದೆ ಅಂತ ಲೆವೆಲ್ ಹಿಡಿಸಿ ನೋಡಿ. ಅದು ನಿಮ್ಮ ನೆಲಕ್ಕಿಂತ ಸಾಕಷ್ಟು ಕೆಳಗಿದ್ದರೆ ಇಳಿಜಾರಿನ ಲೈನೇ ವಾಸಿ: 110 ಮಿ.ಮೀ. ಪೈಪು, 40 ಅಡಿಗೆ 1 ಅಡಿ ಇಳಿತ, ಕರೆಂಟಿನ ಹಂಗಿಲ್ಲ. ಲೆವೆಲ್ ಸಿಕ್ಕರೆ ನಾನಂತೂ ಪಂಪಿನ ತಂಟೆಗೆ ಹೋಗುವುದಿಲ್ಲ. ಆದರೆ ರಸ್ತೆ ಲೈನು ಕಟ್ಟಿಕೊಂಡರೆ ಕೊಳಚೆ ಮೊದಲು ಉಕ್ಕುವುದು ನಿಮ್ಮ ಸೆಲ್ಲಾರಿನಲ್ಲೇ. ನಾನ್‌ ರಿಟರ್ನ್ ವಾಲ್ವ್ (ಕೊಳಚೆ ವಾಪಸ್ ಬರದಂತೆ ತಡೆಯುವ ಕವಾಟ) ಹಾಕಿಸಿ.

ರಸ್ತೆ ಪೈಪು ಮೇಲಿದ್ದರೆ ಕೊಳಚೆ ಕೂಡಲು ಬಿಗಿ ಮುಚ್ಚಳದ ಗುಂಡಿ, ಅದನ್ನು ಮೇಲೆತ್ತಲು ಸೀವೇಜ್ ಪಂಪು. ನೀರೆತ್ತುವ ಮಾಮೂಲಿ ಮೋಟಾರು ಇದಕ್ಕಾಗದು. ಕರೆಂಟು ಹೋದಾಗ ಗುಂಡಿ ತುಂಬುವವರೆಗೆ ಮಾತ್ರ ಬಳಕೆ.

ಎರಡರಲ್ಲೂ ವೆಂಟ್ ಪೈಪು (ಗಾಳಿ ಆಡುವ ಪೈಪು) ತಾರಸಿ ದಾಟಲೇಬೇಕು. ಇಲ್ಲದಿದ್ದರೆ ಫ್ಲಶ್ ಒತ್ತಿದಾಗ ಪಕ್ಕದ ಫ್ಲೋರ್ ಟ್ರ್ಯಾಪ್ (ನಾತ ತಡೆಯಲು ನೀರು ನಿಲ್ಲುವ ನೆಲದ ಜಾಲಿ) ಗೊಳಗೊಳ ಅನ್ನುತ್ತದೆ. ಅದರೊಳಗಿನ ನೀರು ಎಳೆದುಹೋಗಿ ನಾತ ಸೀದಾ ಒಳಬರುತ್ತದೆ.