ಮೂಳೆ ಹಳೆಯದು, ಅಕ್ಷರ ಹೊಸದು! ಲೇಸ್ ಬಾಬಿನ್ ಕೊಳ್ಳುವವರು ದಯವಿಟ್ಟು ಓದಿ

286 ಪೌಂಡ್ ಹೋಯಿತು. ಹರಾಜಿನಲ್ಲಿ ನಿಂತದ್ದು 220ಕ್ಕೆ. ಹರಾಜಿನವರ ಕಮಿಷನ್, ಕಮಿಷನ್ ಮೇಲೆ ತೆರಿಗೆ ಸೇರಿ ಇನ್ನೂ 66. ಒಂದು ಬಾಬಿನ್‌ಗೆ, ಅಂದರೆ ಲೇಸ್ ಹೆಣೆಯುವಾಗ ದಾರ ಸುತ್ತಿಕೊಳ್ಳುವ ಒಂದು ಮೂಳೆ ಕಡ್ಡಿಗೆ!

ಇಂಗ್ಲೆಂಡಿನಲ್ಲಿ ನನ್ನ ಹಾಗೆ ದಿಂಬಿನ ಮೇಲೆ ಲೇಸ್ ಹೆಣೆಯಲು ಕಲಿಯುತ್ತಿರುವವರಿಗೆ 'ಗಲ್ಲಿನ ಬಾಬಿನ್' ಗೊತ್ತಿರುತ್ತದೆ. ಹೆಂಡತಿಯನ್ನು ಕೊಂದ ಜೋಸೆಫ್ ಕ್ಯಾಸಲ್‌ನನ್ನು 1860ರಲ್ಲಿ ಬೆಡ್‌ಫರ್ಡ್‌ನಲ್ಲಿ ಗಲ್ಲಿಗೇರಿಸಿದಾಗ ಅವನ ಹೆಸರನ್ನು ಸಣ್ಣ ಚುಕ್ಕಿಗಳಲ್ಲಿ ಕೊರೆದು ಬಣ್ಣ ತುಂಬಿದ ಬಾಬಿನ್‌ಗಳು ಬಂದಿದ್ದವು. ಬರೀ ಮೂಳೆ ಬಾಬಿನ್‌ಗೆ ಯಾರೂ ಇಷ್ಟು ದುಡ್ಡು ಕೊಡುವುದಿಲ್ಲ. ಬೆಲೆಯೆಲ್ಲ ಆ ಅಕ್ಷರಕ್ಕೇ.

ಕ್ಯಾಟಲಾಗಿನಲ್ಲಿ '19ನೇ ಶತಮಾನದ ಮೂಳೆ ಬಾಬಿನ್, ಜೋಸೆಫ್ ಕ್ಯಾಸಲ್ ಹೆಸರಿದೆ' ಅಂತ ಇತ್ತು. ನಾನೂ ಸುಮ್ನೆ ಬೆಲೆ ಕೂಗಲಿಲ್ಲ. ಫೋಟೋದಲ್ಲಿ ಮೂಳೆಯ ಸಣ್ಣ ಕಪ್ಪು ಗೆರೆಗಳು ಕಂಡವು, ಅಂದರೆ ಪ್ಲಾಸ್ಟಿಕ್ ಅಲ್ಲ. ತುದಿಯ ತಂತಿಯಲ್ಲಿ, ಹಳೆ ಬಾಬಿನ್‌ಗಳಲ್ಲಿ ಇರುವ ಹಾಗೆ, ಅರ ಒತ್ತಿದ ಗುರುತಿನ ಚೌಕ ಮಣಿಗಳು. ಕೈಯಾಡಿ ಆಡಿ ಬಂದ ಹಳದಿ ಬಣ್ಣ. ಎಲ್ಲ ಸರಿ ಇತ್ತು, ಅಲ್ವಾ?

ಬಂದ ವಾರವೇ ಲೇಸ್ ಕಲಿಸುವ ಅಜ್ಜಿಯ ಮುಂದೆ ಹೆಮ್ಮೆಯಿಂದ ಇಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ಏನೂ ಹೇಳದೆ ಅದನ್ನು ನನ್ನ ಕೈಗೆ ಕೊಟ್ಟರು. ಮೈಯೆಲ್ಲ ಸವೆದ ಬಾಬಿನ್, ಆದರೆ ಅಕ್ಷರದ ಒಂದೊಂದು ಚುಕ್ಕಿಯ ಅಂಚೂ ಚೂಪು! ಮೂಳೆಯ ಮೇಲೊಂದು ಹಳೆ ಗೀರು ಇತ್ತು. ಆ ಗೀರನ್ನು ಕತ್ತರಿಸಿಕೊಂಡು ಚುಕ್ಕಿ ಕೊರೆದಿದ್ದಾರೆ. ಚುಕ್ಕಿಯಲ್ಲಿ ತುಂಬಿದ ಕೆಂಪು ಬಣ್ಣ ಬಿಟ್ಟ ಕಡೆ ಒಳಗೆ ಮೂಳೆ ಹಾಲಿನಷ್ಟು ಬೆಳ್ಳಗೆ. ಅಂದರೆ ಹಳೆ ಮೂಳೆಯ ಮೇಲೆ ಅಕ್ಷರ ಈಚೆಗೆ ಕೊರೆದದ್ದು! ಕ್ಲಾಸಿನವರೆಲ್ಲ ಸುತ್ತ ನಿಂತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಹರಾಜಿನವರಿಗೆ ಬರೆದೆ. ಉತ್ತರ ನೋಡಿ: 'ಮೂಳೆ 19ನೇ ಶತಮಾನದ್ದೇ. ಹೆಸರಿದೆ ಅಂದಿದ್ದೆವು, ಹೆಸರಿದೆ. ಯಾವಾಗ ಕೊರೆದದ್ದು ಅಂತ ನಾವು ಹೇಳಿಲ್ಲ.' ಹೇಳಿಲ್ಲ! ಅದಕ್ಕೇ ಅಲ್ಲವೇ ನಾನು ದುಡ್ಡು ಕೊಟ್ಟದ್ದು? ಮತ್ತೆ ಬರೆದೆ, ಫೋಟೋ ಕಳಿಸಿದೆ. 'ಹರಾಜಿಗೆ ಮುಂಚೆ ಬಂದು ನೋಡಲು ಅವಕಾಶವಿತ್ತು' ಅಂದರು. ಮೂರನೆಯದಕ್ಕೆ ಉತ್ತರವೇ ಇಲ್ಲ.

ಮೂಳೆ ಹಳೆಯದೋ ಅಂತ ಮಾತ್ರ ಕೇಳಬೇಡಿ. ಅಕ್ಷರ ಹಳೆಯದೋ ಅಂತ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಚುಕ್ಕಿಗಳ ಹತ್ತಿರದ ಫೋಟೋ ಕೇಳಿ. ಕೊಡದಿದ್ದರೆ ಕೂಗಲೇಬೇಡಿ.

ಅವರದೇ ಮುಂದಿನ ಕ್ಯಾಟಲಾಗ್ ಬಂದಿದೆ. ಅದರಲ್ಲಿ 1868ರಲ್ಲಿ ಬೆಡ್‌ಫರ್ಡ್‌ನಲ್ಲೇ ಗಲ್ಲಾದ ವಿಲಿಯಂ ವರ್ಸ್ಲಿಯ ಬಾಬಿನ್ ಇದೆ. ಅದೇ ಕೆಂಪು ಬಣ್ಣ. ಕೆಳಗೆ ಅದೇ ಮಾತು: 'ಹೆಸರಿದೆ'. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.