ಬೈತಖೋಲದ ಐಸ್ ಫ್ಯಾಕ್ಟರಿಗೆ ಸಿಕ್ಕ ಒಳ್ಳೆಯ ಕಂಪ್ರೆಸರ್ ಸರ್ವಿಸ್

ಕಾರವಾರದ ಬೈತಖೋಲ ಬಂದರಿನ ಬಳಿ ನಾವು ನಡೆಸುವ ಐಸ್ ಫ್ಯಾಕ್ಟರಿಯ ಅಮೋನಿಯಾ ಕಂಪ್ರೆಸರನ್ನು (ಐಸ್ ಕಟ್ಟಿಸಲು ಅಮೋನಿಯಾ ಅನಿಲವನ್ನು ಒತ್ತುವ ಯಂತ್ರ), ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಊರಿನದೇ ಒಂದು ವರ್ಕ್‌ಶಾಪಿಗೆ ಸರ್ವಿಸಿಗೆ ಒಪ್ಪಿಸಿದ್ದೆವು. ಅವರ ಕೆಲಸ ನಮಗೆ ಪೂರ್ಣ ಸಮಾಧಾನ ತಂದಿದೆ.

ಅಮೋನಿಯಾವನ್ನು ಒತ್ತಿದಾಗ ಅದು ತಂಪು ಮಾಡಲು ಬಳಸುವ ಫ್ರಿಯಾನ್ ಜಾತಿಯ ಅನಿಲಗಳಿಗಿಂತ ಹೆಚ್ಚು ಬಿಸಿಯಾಗುವುದರಿಂದ, ಸಿಲಿಂಡರ್ ಹೆಡ್ಡಿನ ವಾಟರ್ ಜಾಕೆಟ್ಟಿನಲ್ಲಿ (ಹೆಡ್ಡನ್ನು ತಂಪಾಗಿಡಲು ನೀರು ಹರಿಯುವ ಪೊಳ್ಳು ಜಾಗ) ನೀರು ಸರಾಗವಾಗಿ ಹರಿಯದಿದ್ದರೆ ಎಣ್ಣೆ ಕೆಟ್ಟು ವಾಲ್ವ್ ಪ್ಲೇಟುಗಳ ಮೇಲೆ ಕರಿ ಕಟ್ಟುತ್ತದೆ, ಪಿಸ್ಟನ್ ರಿಂಗುಗಳೂ ಬೇಗ ಸವೆಯುತ್ತವೆ. ಒಳಗೆ ಓಡಾಡುವ ಪಿಸ್ಟನ್ನನ್ನಾಗಲಿ ಬೇರಿಂಗನ್ನಾಗಲಿ ಈ ನೀರು ಮುಟ್ಟುವುದಿಲ್ಲ. ಬೇರಿಂಗುಗಳ ಬಿಸಿಯನ್ನು ಹೊತ್ತೊಯ್ಯುವುದು ಎಣ್ಣೆಯೇ. ಹಿಂದೆ ಬರುತ್ತಿದ್ದವರು ಎಣ್ಣೆ ಬದಲಿಸಿ ಹೊರಟುಬಿಡುತ್ತಿದ್ದರು. ಇವರು ಹೆಡ್ಡಿನ ಕವರ್ ಬಿಚ್ಚಿ, ಗಡಸು ಬಾವಿನೀರಿನಿಂದ ಜಾಕೆಟ್ಟಿನೊಳಗೆ ಕಟ್ಟಿಕೊಂಡಿದ್ದ ಸುಣ್ಣದ ಬಿಳಿ ಪದರವನ್ನು ನಮಗೆ ತೋರಿಸಿ, ಅದನ್ನು ಪೂರ್ತಿ ಕೆರೆದು ತೆಗೆದು, ಆಯಿಲ್ ಕೂಲರಿನ ಟ್ಯೂಬುಗಳನ್ನು ಒಂದೊಂದಾಗಿ ಬ್ರಷ್ ಹಾಕಿ ತೊಳೆದರು. ಇಷ್ಟು ತಾಳ್ಮೆಯ ಕೆಲಸ ಈಗ ಅಪರೂಪ.

ಒತ್ತಿದ ಅನಿಲ ಹೊರಬರುವ ಡಿಸ್ಚಾರ್ಜ್ ಪೈಪಿನ ಥರ್ಮಾಮೀಟರ್ ಮೊದಲಿಗಿಂತ ಸ್ಪಷ್ಟವಾಗಿ ಕೆಳಗೆ ನಿಂತಿದೆ. ಬಿಲ್ ತುಸು ಜಾಸ್ತಿಯೇ. ಬಿಡಿಭಾಗಗಳು ಹುಬ್ಬಳ್ಳಿಯಿಂದ ಬರುವವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ಬೋಟುಗಳು ಕಡಲಿಗಿಳಿಯುವ ಆಗಸ್ಟ್‌ವರೆಗೆ ತಡಮಾಡದೆ, ಮೇ ತಿಂಗಳಲ್ಲೇ ಅವರಿಗೆ ಹೇಳಿಡುವುದು ಒಳ್ಳೆಯದು.